ನೆರಳು ಬಿದ್ದ ಮೇಲೂ ಎಲೆ ಯಾಕೆ ತಡ ಮಾಡುತ್ತದೆ? ಕೃಷ್ಣ ನಿಯೋಗಿ ಅವರ ಪಾಚಿ ಕೆಲಸದ ಬಗ್ಗೆ ಮಾತಾಡೋಣ

ಎಲೆಹಸಿರು, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಕ್ಲಾಮಿಡೊಮೋನಾಸ್ ಎಂಬ ಒಂದೇ ಕೋಶದ ಪಾಚಿಯ ಚಿತ್ರ ಬರೆಯುತ್ತಾ ಬಂದಿದ್ದೇನೆ. ಬಟ್ಟಲಿನಂಥ ಹಸಿರು ಭಾಗ, ಎರಡು ಚಾವಟಿ, ಒಂದು ಕೆಂಪು ಕಣ್ಚುಕ್ಕೆ. ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ, ಭಾಗಗಳ ಹೆಸರು ಹಾಕುತ್ತಾರೆ, ಮುಂದಿನ ಪಾಠ. ಹೋದ ವಾರ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಈ ಪಾಚಿಯನ್ನು ಇನ್ನೂ ಯಾರಾದರೂ ಓದುತ್ತಿದ್ದಾರಾ?" ಎಂದು ಕೇಳಿದಳು. ನಾನು ಹೇಳಿದ್ದು ಕೃಷ್ಣ ನಿಯೋಗಿ ಅವರ ಕೆಲಸದ ಬಗ್ಗೆ. ಹತ್ತು ನಿಮಿಷ ಸಿಕ್ಕಿತು, ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಯೋಗಿ ಅವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಸ್ಯ ವಿಜ್ಞಾನಿ. ಸುಮಾರು ಮೂರು ದಶಕದಿಂದ ಅವರು ಹಿಡಿದು ಕೂತಿರುವ ಪ್ರಶ್ನೆ ಇಷ್ಟೇ: ಬೆಳಕು ಜಾಸ್ತಿಯಾದರೆ ಗಿಡ ಏನು ಮಾಡುತ್ತದೆ?

ಗಿಡಕ್ಕೆ ಬೆಳಕು ಬೇಕು ಅಂತ ನಾವೆಲ್ಲ ಕಲಿತಿದ್ದೇವೆ. ಬೆಳಕೇ ಹೊರೆಯಾಗುವ ಹೊತ್ತೂ ಇದೆ. ಭತ್ತ, ಸೋಯಾದಂಥ ಬೆಳೆಯ ಮೇಲ್ತುದಿಯ ಎಲೆಗೆ ನಡುಮಧ್ಯಾಹ್ನ ಬೀಳುವ ಬೆಳಕಿನಲ್ಲಿ ಅರ್ಧವನ್ನೂ ಅದು ಬಳಸಿಕೊಳ್ಳಲಾರದು. ಆದರೆ ಕ್ಲೋರೊಫಿಲ್ ಬಿದ್ದ ಬೆಳಕನ್ನೆಲ್ಲ ಹೀರುತ್ತಲೇ ಇರುತ್ತದೆ. ಅದಕ್ಕೆ ಬೇಡ ಅನ್ನಲು ಬರುವುದಿಲ್ಲ. ಹೀರಿದ ಶಕ್ತಿಗೆ ದಾರಿ ಸಿಗದಿದ್ದರೆ ಅದು ಪಕ್ಕದಲ್ಲಿರುವ ಆಕ್ಸಿಜನ್ನಿಗೆ ದಾಟಿ, ಅದನ್ನು ಸುಡುವ ರೂಪಕ್ಕೆ ತಿರುಗಿಸುತ್ತದೆ. ಎಲೆ ಒಳಗಿಂದಲೇ ಹಾಳಾಗುತ್ತದೆ.

ನಮ್ಮ ಕಡೆ ಕೆರೆ ನೋಡಿದವರಿಗೆ ಮುಂದಿನದು ಸುಲಭ. ತೂಬಿನಿಂದ ಗದ್ದೆಗೆ ಹೋಗುವ ನೀರು ಒಂದು ಲೆಕ್ಕ. ಮಳೆ ಹೆಚ್ಚಾದಾಗ ಏರಿ ಒಡೆಯಬಾರದು ಅಂತ ಕೋಡಿ ಇರುತ್ತದೆ. ಎಲೆಯಲ್ಲೂ ಒಂದು ಕೋಡಿ ಇದೆ. ಹೆಚ್ಚಾದ ಶಕ್ತಿಯನ್ನು ಅದು ಶಾಖವಾಗಿ ಹೊರಗೆ ಬಿಟ್ಟುಬಿಡುತ್ತದೆ. ಬಿಸಿಲು ಏರಿದಾಗ ಈ ಕೋಡಿ ಬೇಗ ತೆರೆದುಕೊಳ್ಳುತ್ತದೆ. ತೊಂದರೆ ಇರುವುದು ಮುಚ್ಚುವಾಗ. ಒಂದು ಮೋಡ ಬಂತು, ಅಥವಾ ಗಾಳಿಗೆ ಮೇಲಿನ ಎಲೆ ಅಡ್ಡ ಬಂತು ಅಂದುಕೊಳ್ಳಿ. ಈಗ ಬೆಳಕೇ ಕಡಿಮೆ. ಒಂದೊಂದು ಕಿರಣವೂ ಬೇಕು. ಆದರೆ ಕೋಡಿ ಇನ್ನೂ ಹಲವು ನಿಮಿಷ ಹರಿಯುತ್ತಲೇ ಇರುತ್ತದೆ. ಅಷ್ಟು ಹೊತ್ತು ಎಲೆ ಅರೆಹೊಟ್ಟೆ. ದಿನಕ್ಕೆ ಇಂಥ ನೆರಳು ಎಷ್ಟು ಸಲ ಬಂದು ಹೋಗುತ್ತದೆ, ನೀವೇ ಎಣಿಸಿ. ಈ ಒಂದು ತಡದಿಂದ ಬೆಳೆಯ ಇಳುವರಿಯಲ್ಲಿ ಶೇ. 20ರವರೆಗೆ ನಷ್ಟ ಆಗಬಹುದು ಎಂದು ಲೆಕ್ಕ ಹಾಕಿದ್ದಾರೆ.

ಆ ಕೋಡಿಯನ್ನು ಬೇಗ ಮುಚ್ಚಿಸಲು ಆಗುತ್ತದಾ ಅಂತ ಕೇಳುವ ಮೊದಲು, ಅದು ಯಾವುದರಿಂದ ಆಗಿದೆ ಅಂತ ಗೊತ್ತಾಗಬೇಕು. ಅದನ್ನು ತೋರಿಸಿದ್ದರಲ್ಲಿ ನಮ್ಮ ಬೋರ್ಡಿನ ಮೇಲಿನ ಆ ಪಾಚಿಗೆ ದೊಡ್ಡ ಪಾಲಿದೆ. ಪಾಚಿ ಮೇಲೇ ಕೆಲಸ ಮಾಡುವವರು ಈ ಗುಂಪಿನಲ್ಲಿ ಇದ್ದಾರೆ ಅಂತ ಗೊತ್ತು. ಆ ಭಾಗ ನೀವು ಬರೆಯಿರಿ.

ತೋಟದಮನೆ, ಮೂಡಿಗೆರೆ

ಮೇಡಂ, ಓದಿ ತುಂಬಾ ಖುಷಿಯಾಯಿತು. ನಾನು ಕಾಫಿ ಬೆಳೆಗಾರ, ವಿಜ್ಞಾನ ಓದಿದವನಲ್ಲ. ಆದರೆ ನೀವು ಹೇಳಿದ ಬಿಸಿಲಿನ ಏಟು ನಾನು ಕಣ್ಣಾರೆ ನೋಡಿದ್ದೇನೆ.

ಮೂರು ವರ್ಷದ ಹಿಂದೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಒಂದು ಪಟ್ಟೆಯಲ್ಲಿ ಕೈ ಜಾಸ್ತಿಯಾಯಿತು. ಹಾಲವಾಣದ ಕೊಂಬೆಗಳನ್ನು ಪೂರ್ತಿ ಇಳಿಸಿಬಿಟ್ಟೆವು. ಮಳೆ ಶುರುವಾಗುವುದು ಹದಿನೈದು ದಿನ ತಡವಾಯಿತು. ಅಷ್ಟರಲ್ಲಿ ಅರೇಬಿಕಾ ಗಿಡದ ಮೇಲಿನ ಎಲೆ ಎಲ್ಲ ಹಳದಿ, ಕೆಲವು ಬಿಳಿಚಿಕೊಂಡವು. ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಕೊಟ್ಟೆ. ಏನೂ ಆಗಲಿಲ್ಲ. ಪಕ್ಕದ ಪಟ್ಟೆಯಲ್ಲಿ ಅದೇ ಮಣ್ಣು, ಅದೇ ಗೊಬ್ಬರ, ಗಿಡ ಕಡುಹಸಿರು. ಅದು ಇದೇನಾ?

ಇನ್ನೊಂದು. ನಮ್ಮ ತೋಟದೊಳಗೆ ಬಿಸಿಲು ಒಂದೇ ಸಮ ಬೀಳುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಬಿದ್ದು, ಸರಿಯುತ್ತಾ ಹೋಗುತ್ತದೆ. ಒಂದು ಎಲೆಯ ಮೇಲೆ ನಿಂತರೆ ಒಂದೆರಡು ನಿಮಿಷ. ಹಾಗಾದರೆ ನಮ್ಮ ಕಾಫಿ ಎಲೆಯ ಕೋಡಿ ದಿನವಿಡೀ ತೆರೆದು ಮುಚ್ಚಿ ಮಾಡುತ್ತಿರಬೇಕು ಅಲ್ವಾ?

ಎಲೆಹಸಿರು, ಹಾಸನ

ಹೌದು ಸರ್, ಬಹುಮಟ್ಟಿಗೆ ಅದೇ. ನೆರಳಲ್ಲಿ ಬೆಳೆದ ಎಲೆ ತನ್ನನ್ನು ಆ ನೆರಳಿಗೆ ಹೊಂದಿಸಿಕೊಂಡಿರುತ್ತದೆ. ಬೆಳಕು ಹಿಡಿಯುವ ಬಲೆ ದೊಡ್ಡದು, ಕೋಡಿ ಚಿಕ್ಕದು. ಏಕಾಏಕಿ ಮೇಲಿನ ಕೊಂಬೆ ಹೋದರೆ ಕೋಡಿ ಸಾಲುವುದಿಲ್ಲ. ಬೆಳಕಿನ ಕೆಲಸ ನಡೆಯುವ ಜಾಗದಲ್ಲಿ ಡಿ1 ಎಂಬ ಒಂದು ಪ್ರೋಟೀನ್ ಇದೆ. ಮೊದಲು ಪೆಟ್ಟು ತಿನ್ನುವುದು ಅದು. ಗಿಡ ಅದನ್ನು ಕಿತ್ತು ಹೊಸದು ಹಾಕುತ್ತಲೇ ಇರುತ್ತದೆ, ಜೋರು ಬಿಸಿಲಲ್ಲಂತೂ ಗಂಟೆ ಲೆಕ್ಕದಲ್ಲಿ. ರಿಪೇರಿಗಿಂತ ಹಾಳಾಗುವುದು ಜಾಸ್ತಿಯಾದಾಗ ಎಲೆ ಬಿಳಿಚಿಕೊಳ್ಳುತ್ತದೆ. ಆಗ ಯೂರಿಯಾ ಕೊಟ್ಟರೆ ಆ ಎಲೆ ಚೇತರಿಸಿಕೊಳ್ಳುವುದಿಲ್ಲ.

ಅರೇಬಿಕಾ ಮೂಲತಃ ಇಥಿಯೋಪಿಯಾದ ಕಾಡಿನ ನೆರಳಿನ ಗಿಡ. ಹಾಗಾಗಿ ನೀವು ಹೇಳಿದ ಸರಿಯುವ ಬಿಸಿಲುಚುಕ್ಕೆಯೇ ಅದರ ಹುಟ್ಟೂರಿನ ಬೆಳಕು.

ಹಸಿರುನೀರು

ನಾನು ಶಿವಮೊಗ್ಗದವನು, ಈಗ ಜರ್ಮನಿಯಲ್ಲಿ ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಡಂ ಕರೆದದ್ದು ನನ್ನಂಥವರನ್ನೇ ಅನ್ನಿಸಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ.

ಮೊದಲು, ಯಾಕೆ ಪಾಚಿ? ದ್ಯುತಿಸಂಶ್ಲೇಷಣೆಯ ಯಂತ್ರದಲ್ಲಿ ಯಾವ ಭಾಗ ಏನು ಮಾಡುತ್ತದೆ ಅಂತ ತಿಳಿಯಲು ಒಂದು ದಾರಿ, ಒಂದೊಂದೇ ಭಾಗ ಕೆಡಿಸಿ ನೋಡುವುದು. ಗಿಡದಲ್ಲಿ ಮುಖ್ಯ ಭಾಗ ಕೆಟ್ಟರೆ ಗಿಡವೇ ಉಳಿಯುವುದಿಲ್ಲ. ಕ್ಲಾಮಿಡೊಮೋನಾಸ್ ಹಾಗಲ್ಲ. ನೀರಿಗೆ ಸ್ವಲ್ಪ ಅಸಿಟೇಟ್ ಹಾಕಿದರೆ ಕತ್ತಲಲ್ಲೂ ಬೆಳೆಯುತ್ತದೆ. ಅಸಿಟೇಟ್ ಅಂದರೆ ವಿನಿಗರ್‌ನ ಹುಳಿಯಿಂದ ಬರುವ ಉಪ್ಪು. ಹೀಗಾಗಿ ಬೆಳಕಿನ ಯಂತ್ರ ಪೂರ್ತಿ ಕೆಟ್ಟರೂ ಪಾಚಿ ಬದುಕಿರುತ್ತದೆ, ನಾವು ಕೂತು ಪರೀಕ್ಷೆ ಮಾಡಬಹುದು. ಎರಡನೆಯದು, ಅದರಲ್ಲಿ ಪ್ರತಿ ಜೀನ್‌ಗೂ ಸಾಮಾನ್ಯವಾಗಿ ಒಂದೇ ಪ್ರತಿ. ನಮ್ಮ ಹಾಗೆ ತಾಯಿಯದೊಂದು ತಂದೆಯದೊಂದು ಇರುವುದಿಲ್ಲ. ಕೆಟ್ಟದ್ದು ಮುಚ್ಚಿಕೊಳ್ಳುವುದಿಲ್ಲ, ತಕ್ಷಣ ಕಾಣುತ್ತದೆ.

ಬರ್ಕ್ಲಿಗೆ ಪಾಚಿ ಹೊಸದೇನಲ್ಲ. ಮೆಲ್ವಿನ್ ಕ್ಯಾಲ್ವಿನ್ ಮತ್ತು ಜೊತೆಯವರು ಗಿಡ ಇಂಗಾಲವನ್ನು ಸಕ್ಕರೆ ಮಾಡುವ ದಾರಿ ಕಂಡುಹಿಡಿದದ್ದು ಅಲ್ಲೇ, ಕ್ಲೋರೆಲ್ಲಾ ಎಂಬ ಪಾಚಿಯಿಂದ ಹೊರಟು. 1961ರಲ್ಲಿ ಕ್ಯಾಲ್ವಿನ್ ಅವರಿಗೆ ನೊಬೆಲ್ ಬಂತು. ನಿಯೋಗಿ ಆ ಊರಿಗೆ ಬರುವ ಮೊದಲು ಎಂಐಟಿಯಲ್ಲಿ ಜೆರಾಲ್ಡ್ ಫಿಂಕ್ ಅವರ ಬಳಿ ಪಿಎಚ್‌ಡಿ ಮಾಡಿದರು. ಫಿಂಕ್ ಯೀಸ್ಟ್‌ನ ಜೀನ್‌ಗಳ ಮೇಲೆ ಕೆಲಸ ಮಾಡಿ ಹೆಸರಾದವರು. ಆಮೇಲೆ ಸ್ಟ್ಯಾನ್‌ಫೋರ್ಡ್‌ನ ಕಾರ್ನೆಗಿ ಸಂಸ್ಥೆಯಲ್ಲಿ ಆರ್ಥರ್ ಗ್ರಾಸ್‌ಮನ್, ಓಲೆ ಬ್ಯೋರ್ಕ್‌ಮನ್ ಜೊತೆ. ಗ್ರಾಸ್‌ಮನ್ ಪಾಚಿಯವರು, ಬ್ಯೋರ್ಕ್‌ಮನ್ ಬಿಸಿಲಿಗೆ ಎಲೆ ಹೇಗೆ ನಡೆದುಕೊಳ್ಳುತ್ತದೆ ಅಂತ ಜೀವನವಿಡೀ ಅಳೆದವರು. ಈ ಎರಡೂ ಒಬ್ಬರ ತಲೆಯಲ್ಲಿ ಸೇರಿದ್ದೇ ಮುಂದಿನ ಕೆಲಸಕ್ಕೆ ಬುನಾದಿ ಅಂತ ನನ್ನ ಅಭಿಪ್ರಾಯ.

ಈಗ ಹುಡುಕಿದ ವಿಧಾನ. ಎಲೆ ಹೀರಿದ ಬೆಳಕಿಗೆ ಮೂರು ದಾರಿ. ಕೆಲಸಕ್ಕೆ ಹೋಗಬಹುದು, ಶಾಖವಾಗಿ ಹೋಗಬಹುದು, ಇಲ್ಲವೇ ಮಂದ ಕೆಂಪು ಬೆಳಕಾಗಿ ಮತ್ತೆ ಹೊರಗೆ ಬರಬಹುದು. ಕೊನೆಯದು ತುಂಬಾ ಕಡಿಮೆ, ನೂರರಲ್ಲಿ ಒಂದೆರಡು ಪಾಲು. ಆದರೆ ಕ್ಯಾಮೆರಾಗೆ ಸಿಗುತ್ತದೆ. ಕೋಡಿ ತೆರೆದರೆ ಈ ಕೆಂಪು ಮಂಕಾಗುತ್ತದೆ. ಹಾಗಾದರೆ ಕೋಡಿಯೇ ಕೆಟ್ಟ ಪಾಚಿ? ಜೋರು ಬೆಳಕಲ್ಲೂ ಅದು ಹೊಳೆಯುತ್ತಲೇ ಇರಬೇಕು. ತಟ್ಟೆಯ ತುಂಬ ಚುಕ್ಕೆ ಚುಕ್ಕೆ ಪಾಚಿ ಬೆಳೆಸಿ, ಜೋರು ಬೆಳಕು ಹಾಕಿ, ವಿಡಿಯೊದಲ್ಲಿ ಯಾವ ಚುಕ್ಕೆ ಮಂಕಾಗಲಿಲ್ಲ ಅಂತ ಸಾವಿರಾರರಲ್ಲಿ ಹುಡುಕುವುದು. ಆಮೇಲೆ ಇದೇ ವಿಧಾನವನ್ನು ಅರಬಿಡಾಪ್ಸಿಸ್ ಸಸಿಗಳ ಮೇಲೂ ಮಾಡಿದರು. ಅದು ಸಾಸಿವೆಯ ಬಳಗದ ಒಂದು ಪುಟ್ಟ ಕಳೆ. ಸಿಕ್ಕ ಸಸಿಗಳು ಬರಿಗಣ್ಣಿಗೆ ಪೂರ್ತಿ ಆರೋಗ್ಯವಾಗಿ ಕಾಣುತ್ತಿದ್ದವು. ಕ್ಯಾಮೆರಾ ಇಲ್ಲದೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲು ಸಿಕ್ಕ ತಳಿಗಳಲ್ಲಿ ಒಂದು ಹಳದಿ ಬಣ್ಣದ ವಸ್ತು ಇರಲಿಲ್ಲ. ಜಿಯಾಜ್ಯಾಂಥಿನ್ ಅಂತ ಅದರ ಹೆಸರು. ಮೆಕ್ಕೆಜೋಳದ ಕಾಳಿನ ಹಳದಿಯಲ್ಲಿ ಅದೇ ಇದೆ. ಹೆಸರಿನ ಮೊದಲ ಭಾಗವೂ ಜೋಳದ ಸಸ್ಯನಾಮದಿಂದಲೇ ಬಂದದ್ದು. ನಮ್ಮ ಕಣ್ಣಿನ ಪರದೆಯ ನಡುವಿನ ಹಳದಿ ಚುಕ್ಕೆಯಲ್ಲೂ ಅದು ಇದೆ. ಈ ಹಳದಿಗೂ ಶಾಖ ಬಿಡುವುದಕ್ಕೂ ನಂಟಿದೆ ಅಂತ 1987ರಲ್ಲೇ ಬಾರ್ಬರಾ ಡೆಮ್ಮಿಗ್-ಆಡಮ್ಸ್ ಮತ್ತು ಜೊತೆಯವರು ಹೇಳಿದ್ದರು. ಎರಡೂ ಒಟ್ಟಿಗೆ ಏರುತ್ತವೆ ಅಂತ ಅವರು ತೋರಿಸಿದ್ದರು. ಒಂದು ಇಲ್ಲದೆ ಇನ್ನೊಂದು ಆಗುತ್ತದಾ ಅಂತ ನೋಡಲು ಈ ಕೆಟ್ಟ ತಳಿಗಳೇ ಬೇಕಿತ್ತು. ಅರಬಿಡಾಪ್ಸಿಸ್‌ನಲ್ಲಿ ಆ ಹಳದಿ ಇಲ್ಲದಾಗ ಶಾಖ ಬಿಡುವುದು ತುಂಬಾ ಕುಗ್ಗಿತು. ಪಾಚಿಯಲ್ಲಿ ಅಷ್ಟೊಂದು ಕುಗ್ಗಲಿಲ್ಲ. ಆದರೆ ಜಿಯಾಜ್ಯಾಂಥಿನ್ ಜೊತೆ ಲೂಟೀನ್ ಎಂಬ ಇನ್ನೊಂದು ಹಳದಿಯನ್ನೂ ತೆಗೆದಾಗ, ಜೋರು ಬೆಳಕಿನಲ್ಲಿ ಆ ಪಾಚಿ ಬಿಳಿಚಿ ಸತ್ತೇಹೋಯಿತು. 1997ರ ಫಲಿತಾಂಶ ಅದು. ಮೊದಲ ಸಲ ಓದಿದಾಗ ನಾನು ಆ ಚಿತ್ರವನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಎರಡು ಹಳದಿ ಬಣ್ಣಗಳು, ಜೀವಕ್ಕೂ ಸಾವಿಗೂ ನಡುವೆ.

2000ದಲ್ಲಿ ಬಂದದ್ದು ಇನ್ನೂ ದೊಡ್ಡದು. ಒಂದು ಅರಬಿಡಾಪ್ಸಿಸ್ ತಳಿಯಲ್ಲಿ ಹಳದಿ ಎಲ್ಲ ಸರಿಯಾಗಿತ್ತು, ಆದರೂ ಕೋಡಿ ತೆರೆಯುತ್ತಿರಲಿಲ್ಲ. ಅದಕ್ಕೆ ಎನ್‌ಪಿಕ್ಯೂ4 ಅಂತ ಹೆಸರಿಟ್ಟರು. ಹುಡುಕಿದಾಗ ಕಾಣೆಯಾಗಿದ್ದದ್ದು ಪಿಎಸ್‌ಬಿಎಸ್ ಎಂಬ ಪ್ರೋಟೀನ್. ಅದು ಎಲೆಯಲ್ಲಿದೆ ಅಂತ ಎಷ್ಟೋ ವರ್ಷದಿಂದ ಗೊತ್ತಿತ್ತು. ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಬಿಸಿಲು ಜಾಸ್ತಿಯಾದಾಗ ಎಲೆಯೊಳಗಿನ ಪುಟ್ಟ ಚೀಲಗಳಲ್ಲಿ ಹುಳಿ ಏರುತ್ತದೆ. ಆ ಹುಳಿಯನ್ನು ಗುರುತಿಸಿ ಕೋಡಿ ತೆರೆಯಿರಿ ಅಂತ ಹೇಳುವುದು ಇದೇ ಪ್ರೋಟೀನ್. ಶಿಯಾಪಿಂಗ್ ಲಿ ಮತ್ತು ನಿಯೋಗಿ ತಂಡದ ಆ ಲೇಖನ ನೇಚರ್ ಪತ್ರಿಕೆಯಲ್ಲಿ ಬಂತು.

ಊಟಕ್ಕೆ ಹೊತ್ತಾಯಿತು, ಉಳಿದದ್ದು ಆಮೇಲೆ.

ಎರಡನೇಪಿಯುಸಿ

ಮೇಡಂ, ಆ ಪ್ರಶ್ನೆ ಕೇಳಿದ್ದು ನಾನೇ. ಲಿಂಕ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಹಸಿರುನೀರು ಅಣ್ಣಾ, ಒಂದು ಅನುಮಾನ. ಗಿಡದಲ್ಲಿ ಕೆಲಸ ಮಾಡುವುದು ಪಿಎಸ್‌ಬಿಎಸ್ ಅಂದಿರಿ. ಪಾಚಿಯಲ್ಲೂ ಅದೇನಾ?

ಹಸಿರುನೀರು

ಒಳ್ಳೆಯ ಪ್ರಶ್ನೆ ಪುಟ್ಟಿ. ಅಲ್ಲ! ನಾವೆಲ್ಲ ಹಾಗೇ ಅಂದುಕೊಳ್ಳುತ್ತಿದ್ದೆವು. 2009ರಲ್ಲಿ ಅದೇ ತಂಡ ತೋರಿಸಿದ್ದು, ಕ್ಲಾಮಿಡೊಮೋನಾಸ್‌ನಲ್ಲಿ ಈ ಕೆಲಸಕ್ಕೆ ಎಲ್‌ಎಚ್‌ಸಿಎಸ್‌ಆರ್ ಎಂಬ ಬೇರೆಯೇ ಪ್ರೋಟೀನ್ ಇದೆ ಅಂತ. ಗೋಡೆ ಮೇಲೆ ಬೆಳೆಯುವ ಹಾವಸೆ ಗಿಡದ ಜಾತಿಯಲ್ಲಿ ಎರಡೂ ಇವೆ. ನೀರಿನಿಂದ ನೆಲಕ್ಕೆ ಬಂದ ದಾರಿಯಲ್ಲಿ ಗಿಡಗಳು ಹಳೆಯದನ್ನು ಎಲ್ಲೋ ಬಿಟ್ಟು ಹೊಸದನ್ನು ಉಳಿಸಿಕೊಂಡಿವೆ.

ಇನ್ನೊಂದು ಕೇಳು. ಆ ಹಳದಿ ಜಿಯಾಜ್ಯಾಂಥಿನ್ ಮಾಡುವ ಕಿಣ್ವ ಗಿಡಗಳಲ್ಲಿ ಯಾವುದು ಅಂತ ಗೊತ್ತಿತ್ತು. ಕ್ಲಾಮಿಡೊಮೋನಾಸ್‌ನ ಪೂರ್ತಿ ಜೀನೋಮ್ 2007ರಲ್ಲಿ ಬಂತು. ಹುಡುಕಿದರೆ ಆ ಕಿಣ್ವದ ಜೀನ್ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಹಳದಿ ತಯಾರಾಗುತ್ತಿದೆ! ಕೊನೆಗೆ 2016ರಲ್ಲಿ ಸಿಕ್ಕಿದ್ದು ಗಿಡದ್ದಕ್ಕೆ ಸಂಬಂಧವೇ ಇಲ್ಲದ ಬೇರೊಂದು ಕಿಣ್ವ. ಒಂದೇ ಕೆಲಸಕ್ಕೆ ಎರಡು ಕಡೆ ಎರಡು ಬೇರೆ ಕೈ. ಹುಡುಕಾಟ ಶುರುವಾದ ತಳಿ 1990ರ ದಶಕದ್ದು, ಉತ್ತರ ಸಿಕ್ಕಿದ್ದು ಸುಮಾರು ಇಪ್ಪತ್ತು ವರ್ಷದ ಮೇಲೆ.

ಸೋಯಾಹೊಲ, ಬೀದರ್

ನಮಸ್ಕಾರ ರೀ. ಹಿಂದಿಂದ ಎಲ್ಲ ಓದಿದೆ. ಪಾಚಿ ಕಥೆ ಚಂದ ಇದೆ. ಈಗ ಹೊಲದ ಮಾತಿಗೆ ಬರೋಣ. ನಾವು ಮುಂಗಾರಿಗೆ ಸೋಯಾ ಹಾಕುತ್ತೇವೆ, ಪೂರ್ತಿ ಮಳೆ ನಂಬಿ. ಇದೇ ವಿಜ್ಞಾನಿಗಳು ಸೋಯಾ ಇಳುವರಿ ಶೇ. 33 ಹೆಚ್ಚಿಸಿದರು ಅಂತ ಹಿಂದೆ ವಾಟ್ಸಾಪಿನಲ್ಲಿ ಓದಿದ್ದೆ. ನಿಜವಾ? ನಿಜ ಆದರೆ ಬೀಜ ಎಲ್ಲಿ? ಎಕರೆಗೆ ಆರು ಕ್ವಿಂಟಲ್ ಬರುವವನಿಗೆ ಎರಡು ಕ್ವಿಂಟಲ್ ಹೆಚ್ಚು ಅಂದರೆ ಮಗಳ ಒಂದು ವರ್ಷದ ಹಾಸ್ಟೆಲ್ ಖರ್ಚು.

ಎಲೆಹಸಿರು, ಹಾಸನ

ಸರ್, ಆ ಸುದ್ದಿಯ ಹಿಂದಿನ ಕೆಲಸ ನಿಜ. ಆದರೆ ಹಂತ ಹಂತವಾಗಿ ಹೇಳಬೇಕು.

ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಬೆಳೆಯ ಕಡೆಯವರು. 2012ರಿಂದ ಅಲ್ಲಿ ರೈಪ್ ಎಂಬ ಯೋಜನೆ ಗೇಟ್ಸ್ ಪ್ರತಿಷ್ಠಾನದ ಹಣದಿಂದ ನಡೆಯುತ್ತಿದೆ. ಗುರಿ, ಬೆಳೆಗಳ ದ್ಯುತಿಸಂಶ್ಲೇಷಣೆ ಸುಧಾರಿಸುವುದು. ನಿಯೋಗಿ ಅವರ ತಂಡ ಮತ್ತು ಲಾಂಗ್ ಅವರ ತಂಡ ಸೇರಿ ಅರಬಿಡಾಪ್ಸಿಸ್‌ನ ಮೂರು ಜೀನ್ ತೆಗೆದುಕೊಂಡವು. ಒಂದು ಕೋಡಿ ತೆರೆಯಲು ಹೇಳುವ ಪಿಎಸ್‌ಬಿಎಸ್. ಇನ್ನೆರಡು ಆ ಹಳದಿಯನ್ನು ಮಾಡುವ ಕಿಣ್ವ ಮತ್ತು ಅದನ್ನು ವಾಪಸ್ ಹಳೆಯ ರೂಪಕ್ಕೆ ತಿರುಗಿಸುವ ಕಿಣ್ವ. ಕೋಡಿ ತಡವಾಗಿ ಮುಚ್ಚಲು ಮುಖ್ಯ ಕಾರಣ ಈ ವಾಪಸ್ ತಿರುಗಿಸುವವನ ನಿಧಾನ. ಮೂರನ್ನೂ ಹೆಚ್ಚಿಸಿದರೆ ತೆರೆಯುವುದೂ ಬೇಗ, ಮುಚ್ಚುವುದೂ ಬೇಗ.

ಮೊದಲು ಹಾಕಿದ್ದು ತಂಬಾಕಿಗೆ. ಹುಣಸೂರು, ಪಿರಿಯಾಪಟ್ಟಣದವರಿಗೆ ಆಶ್ಚರ್ಯ ಆಗಬಹುದು. ತಂಬಾಕಿಗೆ ಜೀನ್ ಸೇರಿಸುವುದು ಸುಲಭ, ಮತ್ತು ಹೊಲದಲ್ಲಿ ಅದರ ಎಲೆ ಒಂದರ ಮೇಲೊಂದು ಬಂದು ನೆರಳು ಮಾಡುತ್ತದೆ. 2016ರ ಫಲಿತಾಂಶ: ಗಿಡದ ಒಣತೂಕ ಸುಮಾರು ಶೇ. 15 ಜಾಸ್ತಿ. ಆಮೇಲೆ ಸೋಯಾ. 2022ರಲ್ಲಿ ಪ್ರಕಟವಾದದ್ದು ಅದು. ಐದು ಬೇರೆ ಬೇರೆ ತಳಿಗಳಲ್ಲಿ ಕಾಳಿನ ಇಳುವರಿ ಹೆಚ್ಚಿತು, ಅತಿ ಹೆಚ್ಚು ಅಂದರೆ ಶೇ. 33. ಕಾಳಿನಲ್ಲಿ ಪ್ರೋಟೀನ್, ಎಣ್ಣೆ ಕಡಿಮೆಯಾಗಲಿಲ್ಲ. ಇದು ನನಗೆ ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಸಾಮಾನ್ಯವಾಗಿ ಕಾಳು ಹೆಚ್ಚಿದಾಗ ಪ್ರೋಟೀನ್ ಇಳಿಯುತ್ತದೆ.

ತೂಕದಕಲ್ಲು, ಧಾರವಾಡ

ಮೇಡಂ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಬೆಳೆ ಪ್ರಯೋಗಗಳ ಲೆಕ್ಕ ನೋಡುವ ಕೆಲಸದಲ್ಲಿ ಇದ್ದವನು. ಬೀದರಿನ ಅಣ್ಣನಿಗೆ ಶೇ. 33 ಅಂತ ಹೇಳಿ ಬಿಟ್ಟರೆ ತಪ್ಪಾಗುತ್ತದೆ.

ಅದು 2020ರ ಒಂದು ಹಂಗಾಮು, ಒಂದು ಊರು, ಚಿಕ್ಕ ಚಿಕ್ಕ ತಾಕು. ಮರುವರ್ಷ 2021ರಲ್ಲಿ ಗಾಳಿಮಳೆಗೆ ಬೆಳೆ ಒರಗಿತು, ಆ ಹೆಚ್ಚಳ ಕಾಣಲಿಲ್ಲ. ಲೇಖನದಲ್ಲೇ ಅದು ಇದೆ, ಮುಚ್ಚಿಟ್ಟಿಲ್ಲ. ಸುದ್ದಿಗಳಲ್ಲಿ ಮಾತ್ರ 33 ಉಳಿಯಿತು. ನಮ್ಮಲ್ಲಿ ಒಂದು ತಳಿ ಬಿಡುಗಡೆ ಮಾಡಬೇಕಾದರೆ ಹಲವು ಊರು, ಹಲವು ವರ್ಷ ಬೆಳೆಸಿ ನೋಡುತ್ತಾರೆ. ಕಾರಣ ಇದೆ. ಒಂದೇ ತಳಿ ಧಾರವಾಡದಲ್ಲಿ ಚೆನ್ನಾಗಿ ಬಂದು ಬೀದರಿನಲ್ಲಿ ಕೈಕೊಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೆಲವು ತಳಿ ತಜ್ಞರು ಇದನ್ನೇ ಬರೆದರು. ಒಂದೆರಡು ಜೀನ್ ಬದಲಿಸಿ ಇಳುವರಿ ಹೆಚ್ಚಿತು ಅನ್ನುವವರು ಸರಿಯಾದ ಹೊಲಪ್ರಯೋಗ ಮಾಡಿ ತೋರಿಸಿ ಅಂತ.

ಇನ್ನೂ ಒಂದಿದೆ. 2020ರಲ್ಲಿ ಮ್ಯೂನಿಕ್‌ನ ಇಬ್ಬರು ಇದೇ ಮೂರು ಜೀನ್‌ಗಳನ್ನು ಅರಬಿಡಾಪ್ಸಿಸ್‌ನಲ್ಲೇ ಹೆಚ್ಚಿಸಿ ನೋಡಿದರು. ಕೋಡಿ ಬೇಗ ಮುಚ್ಚಿತು. ಆದರೆ ಗಿಡ ಇನ್ನೂ ಸಣ್ಣದಾಯಿತು.

ಹಸಿರುನೀರು

ಸರ್ ಹೇಳಿದ್ದೆಲ್ಲ ಸರಿ. ಮ್ಯೂನಿಕ್ ಫಲಿತಾಂಶ ನಮ್ಮ ಲ್ಯಾಬಿನಲ್ಲೂ ತುಂಬಾ ಚರ್ಚೆಯಾಗಿತ್ತು. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಅರಬಿಡಾಪ್ಸಿಸ್ ನೆಲಕ್ಕೆ ಅಂಟಿಕೊಂಡ ಹೂವಿನಂಥ ಗಿಡ. ಅದರ ಎಲೆ ಒಂದರ ಮೇಲೊಂದು ಅಷ್ಟಾಗಿ ನೆರಳು ಮಾಡುವುದಿಲ್ಲ. ಸೋಯಾ ಹೊಲದಲ್ಲಿ ಕೆಳಗಿನ ಎಲೆ ದಿನವಿಡೀ ನೆರಳು ಬಿಸಿಲಿನ ಆಟದಲ್ಲೇ ಇರುತ್ತದೆ. ಮುಚ್ಚುವ ತಡದ ನಷ್ಟ ಎಲ್ಲಿ ಜಾಸ್ತಿಯೋ ಅಲ್ಲಿ ಮಾತ್ರ ಲಾಭ ಸಿಗಬಹುದು. ಮೂರು ಜೀನ್‌ಗಳ ಪ್ರಮಾಣವೂ ಒಂದಕ್ಕೊಂದು ಹೊಂದಬೇಕು. ಬೆಳೆಯಿಂದ ಬೆಳೆಗೆ ಅದು ಬೇರೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಬೇಗ ಮುಚ್ಚಿದರೆ ಅಷ್ಟು ಒಳ್ಳೆಯದಾದರೆ, ಪ್ರಕೃತಿಯೇ ಯಾಕೆ ಹಾಗೆ ಮಾಡಲಿಲ್ಲ? ಕಾಡಿನ ಗಿಡಕ್ಕೆ ಬೇಕಿರುವುದು ಹೇಗೋ ಬದುಕಿ ಒಂದಷ್ಟು ಬೀಜ ಬಿಡುವುದು. ಅದಕ್ಕೆ ನಿಧಾನವಾಗಿ ಮುಚ್ಚುವ ಕೋಡಿ ಹೆಚ್ಚು ಸುರಕ್ಷಿತ. ಮೋಡ ಸರಿದ ಕೂಡಲೇ ಮತ್ತೆ ಬಿಸಿಲು ಬಂದರೆ ಅದು ಸಿದ್ಧವಾಗಿರುತ್ತದೆ. ಕೋಡಿಯೇ ಇಲ್ಲದ ಅರಬಿಡಾಪ್ಸಿಸ್ ಅನ್ನು ಸ್ವೀಡನ್ನಿನ ಉಮಿಯೊದಲ್ಲಿ ಸ್ಟೆಫಾನ್ ಯಾನ್ಸನ್ ತಂಡ ಬಯಲಿನಲ್ಲಿ ಬೆಳೆಸಿತ್ತು. 2002ರ ಆ ಫಲಿತಾಂಶದಲ್ಲಿ ಅವು ಬದುಕಿದವು, ಆದರೆ ಬೀಜ ಕಡಿಮೆ ಬಿಟ್ಟವು. ಲ್ಯಾಬಿನ ಒಂದೇ ಸಮ ಬೆಳಕಲ್ಲಿ ಆ ವ್ಯತ್ಯಾಸ ಇರಲಿಲ್ಲ. ಅಂದರೆ ಕೋಡಿ ಇರುವುದೇ ಏರಿಳಿಯುವ ಬೆಳಕಿಗೋಸ್ಕರ. ಹೊಲದಲ್ಲಿ ನಾವು ನೀರು, ಗೊಬ್ಬರ ಕೊಟ್ಟು, ಕಳೆ ಕಿತ್ತು ಕಾಪಾಡುತ್ತೇವೆ. ಅಲ್ಲಿ ಗಿಡ ಇಷ್ಟೊಂದು ಹುಷಾರಾಗಿ ಇರಬೇಕಿಲ್ಲ ಅನ್ನುವುದು ವಾದ. ವಾದ ಸರಿ ಅಂತ ನನಗೆ ಅನ್ನಿಸುತ್ತದೆ. ತೂಕದಕಲ್ಲು ಸರ್ ಹೇಳಿದ ಹಾಗೆ ಹೊಲವೇ ತೀರ್ಮಾನ ಹೇಳಬೇಕು.

ಸೋಯಾಹೊಲ, ಬೀದರ್

ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಶರಣು. ನನಗೆ ಬೇಜಾರಿಲ್ಲ ರೀ. ಸುಳ್ಳು ಆಸೆಗಿಂತ ಇದು ಒಳ್ಳೆಯದು. ಒಂದೇ ಪ್ರಶ್ನೆ. ಹೆಚ್ಚು ಬೆಳೆದರೆ ಹೆಚ್ಚು ನೀರು ಕುಡಿಯುವುದಿಲ್ಲವಾ? ಆಗಸ್ಟಿನಲ್ಲಿ ಮೂರು ವಾರ ಮಳೆ ಕೈಕೊಟ್ಟರೆ ನಮ್ಮ ಕಥೆ ಮುಗಿಯಿತು.

ಹಸಿರುನೀರು

ಅಣ್ಣಾ, ಇದಕ್ಕೆ ಸಂಬಂಧಿಸಿದ ಒಂದು ಚೆಂದದ ಫಲಿತಾಂಶ ಇದೆ. 2018ರದ್ದು, ಮತ್ತೆ ತಂಬಾಕಿನಲ್ಲೇ. ಈ ಸಲ ಮೂರು ಜೀನ್ ಅಲ್ಲ, ಪಿಎಸ್‌ಬಿಎಸ್ ಒಂದನ್ನೇ ಹೆಚ್ಚಿಸಿದರು. ಎಲೆಯ ಕೆಳಗಿನ ಪುಟ್ಟ ಬಾಯಿಗಳು ಎಷ್ಟು ತೆರೆಯಬೇಕು ಅಂತ ತೀರ್ಮಾನಿಸಲು ಎಲೆ ಬೆಳಕಿನ ಯಂತ್ರದ ಸ್ಥಿತಿಯನ್ನೂ ನೋಡುತ್ತದೆ. ಪಿಎಸ್‌ಬಿಎಸ್ ಜಾಸ್ತಿ ಇದ್ದರೆ ಹೆಚ್ಚು ಶಕ್ತಿ ಶಾಖವಾಗಿ ಹೋಗುತ್ತದೆ, ಬಾಯಿಗಳು ಬೆಳಕು ಅಷ್ಟಿಲ್ಲ ಅಂದುಕೊಂಡು ಕಡಿಮೆ ತೆರೆಯುತ್ತವೆ. ಹೀರಿದ ಪ್ರತಿ ಪಾಲು ಇಂಗಾಲಕ್ಕೆ ಕಳೆದುಕೊಂಡ ನೀರು ಶೇ. 25 ಕಡಿಮೆಯಾಯಿತು. ಹೊಲದಲ್ಲೇ ಅಳೆದದ್ದು. ಇದು ಎಲೆಯ ಲೆಕ್ಕ, ಕಾಳಿನ ಲೆಕ್ಕ ಅಲ್ಲ. ಆದರೂ ಮಳೆ ನಂಬಿದ ಹೊಲಕ್ಕೆ ನನಗೆ ಶೇ. 33ಕ್ಕಿಂತ ಇದೇ ದೊಡ್ಡ ಸುದ್ದಿ.

ತೂಕದಕಲ್ಲು, ಧಾರವಾಡ

ಬೀಜ ಎಲ್ಲಿ ಅಂದರಲ್ಲ, ಅದಕ್ಕೂ ಒಂದು ಮಾತು. ಆ ಸೋಯಾ ಕುಲಾಂತರಿ, ಅಂದರೆ ಬೇರೆ ಗಿಡದ ಜೀನ್ ಸೇರಿಸಿದ್ದು. ನಮ್ಮ ದೇಶದಲ್ಲಿ ರೈತರು ಒಪ್ಪಿಗೆಯೊಂದಿಗೆ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿ ಒಂದೇ, 2002ರಿಂದ. ಬಿಟಿ ಬದನೆಗೆ 2010ರಲ್ಲಿ ತಡೆ ಬಿತ್ತು. ಸಾಸಿವೆಗೆ 2022ರಲ್ಲಿ ಒಪ್ಪಿಗೆ ಸಿಕ್ಕರೂ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಹಾಗಾಗಿ ಸೋಯಾ ಸದ್ಯಕ್ಕೆ ನಮ್ಮ ಹೊಲಕ್ಕೆ ಬರುವ ಮಾತಿಲ್ಲ.

ಆದರೆ ಇನ್ನೊಂದು ಬಾಗಿಲು ಇದೆ. 2024ರಲ್ಲಿ ನಿಯೋಗಿ ತಂಡ ಭತ್ತದಲ್ಲಿ ಹೊರಗಿನ ಜೀನ್ ತರದೆ, ಭತ್ತದ್ದೇ ಪಿಎಸ್‌ಬಿಎಸ್ ಜೀನ್‌ನ ಆರಂಭಕ್ಕೂ ಮುಂಚಿನ ಭಾಗವನ್ನು ಕ್ರಿಸ್ಪರ್ ಕತ್ತರಿಯಿಂದ ತಿದ್ದಿತು. ಒಂದೊಂದು ಗಿಡದಲ್ಲಿ ಪ್ರೋಟೀನ್ ಕಡಿಮೆಯಾಯಿತು, ಕೆಲವದರಲ್ಲಿ ಹೆಚ್ಚಾಯಿತು. ಕತ್ತರಿಯಿಂದ ಜೀನ್ ಕೆಡಿಸುವುದು ಸುಲಭ, ಹೆಚ್ಚಿಸುವುದು ಕಷ್ಟ. ಅದಕ್ಕೇ ಅದು ವಿಶೇಷ. ಹೊರಗಿನ ಜೀನ್ ಇಲ್ಲದ ಕೆಲವು ಬಗೆಯ ತಿದ್ದುಪಡಿಗೆ ನಮ್ಮಲ್ಲಿ 2022ರಿಂದ ಕುಲಾಂತರಿ ನಿಯಮದಿಂದ ವಿನಾಯಿತಿ ಇದೆ. 2025ರಲ್ಲಿ ನಮ್ಮದೇ ಸಂಸ್ಥೆಗಳು ತಿದ್ದಿದ ಎರಡು ಭತ್ತದ ತಳಿ ಘೋಷಣೆಯಾದವು. ಅವು ಬೇರೆ ಜೀನ್‌ಗಳದ್ದು, ದ್ಯುತಿಸಂಶ್ಲೇಷಣೆಯದಲ್ಲ. ಕೋಡಿ ತಿದ್ದಿದ ತಳಿ ಬಂದರೆ ಈ ಬಾಗಿಲಿನಿಂದ ಬರಬಹುದು ಅಂತ ನನ್ನ ಊಹೆ. ಬಂದಾಗ ಹಲವು ಊರಲ್ಲಿ, ಹಲವು ವರ್ಷ ಬೆಳೆಸಿ ನೋಡಬೇಕು ಅಂತ ಮೊದಲು ಕೇಳುವವನು ನಾನೇ.

ತೋಟದಮನೆ, ಮೂಡಿಗೆರೆ

ನಿನ್ನೆ ಸಂಜೆ ತೋಟದಲ್ಲಿ ಸುಮ್ನೆ ಒಂದು ಕಲ್ಲಿನ ಮೇಲೆ ಕೂತಿದ್ದೆ. ಒಂದು ಎಲೆ ನೋಡುತ್ತಾ. ಗಡಿಯಾರ ಹಿಡಿದು ಎಣಿಸಿದೆ. ಅರ್ಧ ಗಂಟೆಯಲ್ಲಿ ಆ ಒಂದೇ ಎಲೆಯ ಮೇಲೆ ಬಿಸಿಲು ಹದಿನೇಳು ಸಲ ಬಂದು ಹೋಯಿತು. ಮೂವತ್ತೈದು ವರ್ಷದಿಂದ ಆ ತೋಟದಲ್ಲಿ ಓಡಾಡುತ್ತಿದ್ದೇನೆ, ಈ ಲೆಕ್ಕ ಯಾವತ್ತೂ ಹಾಕಿರಲಿಲ್ಲ.

ಎರಡನೇಪಿಯುಸಿ

ಮೇಡಂ, ನೀವು ಕ್ಲಾಸಿನಲ್ಲಿ ಹೇಳಿದ ಪ್ರಯೋಗ ಮಾಡಿದೆ. ಪಾಲಕ್ ಸೊಪ್ಪು ಅರೆದು, ಸ್ಪಿರಿಟ್‌ನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಒಲೆ ಹತ್ತಿರ ಇಟ್ಟಿರಲಿಲ್ಲ. ಕೋಣೆ ಕತ್ತಲೆ ಮಾಡಿ, ಅಪ್ಪನ ಅಂಗಡಿಯ ನೋಟು ನೋಡುವ ನೇರಳೆ ಟಾರ್ಚ್ ಹಾಕಿದೆ. ಹಸಿರು ನೀರು ಕೆಂಪಾಗಿ ಹೊಳೆಯಿತು! ಅಮ್ಮನನ್ನೂ ಕರೆದು ತೋರಿಸಿದೆ. ಆದರೆ ಅದೇ ಟಾರ್ಚನ್ನು ಪೂರ್ತಿ ಎಲೆಯ ಮೇಲೆ ಹಾಕಿದರೆ ಅಷ್ಟು ಕೆಂಪು ಕಾಣಲಿಲ್ಲ. ಯಾಕೆ?

ಎಲೆಹಸಿರು, ಹಾಸನ

ಶಭಾಷ್! ಟಾರ್ಚ್ ಬೆಳಕು ಕಣ್ಣಿಗೆ ಬೀಳದ ಹಾಗೆ ನೋಡಿಕೋ.

ನೀನು ಸೋಸಿದ ನೀರಿನಲ್ಲಿ ಹಳದಿ ಬಣ್ಣಗಳ ಜೊತೆ ಕ್ಲೋರೊಫಿಲ್ ಮಾತ್ರ ಇದೆ. ಅದರ ಸುತ್ತ ಇದ್ದ ಯಂತ್ರ ಇಲ್ಲ. ತೂಬೂ ಇಲ್ಲ, ಕೋಡಿಯೂ ಇಲ್ಲ. ಹೀರಿದ ಶಕ್ತಿಯಲ್ಲಿ ಎಲೆಯಲ್ಲಿಗಿಂತ ತುಂಬಾ ದೊಡ್ಡ ಪಾಲು ಬೆಳಕಾಗಿ ವಾಪಸ್ ಬರುತ್ತದೆ. ಎಲೆಯಲ್ಲಿ ಆ ಶಕ್ತಿಗೆ ಹೋಗಲು ಬೇರೆ ದಾರಿಗಳಿವೆ, ಹಾಗಾಗಿ ಕೆಂಪು ಮಂಕು. ಹೊರಬಂದ ಕೆಂಪಿನಲ್ಲಿ ಒಂದಷ್ಟನ್ನು ಎಲೆಯೇ ಮತ್ತೆ ಹೀರಿಕೊಳ್ಳುತ್ತದೆ. ಹಸಿರುನೀರು ಹೇಳಿದ ಕ್ಯಾಮೆರಾ ಅಳೆಯುವುದು ಇದೇ ಕೆಂಪನ್ನು.

ಇನ್ನೊಂದು ಮಾಡಿ ನೋಡು. ಎಲೆಯನ್ನು ಇಪ್ಪತ್ತು ನಿಮಿಷ ಪೂರ್ತಿ ಕತ್ತಲಲ್ಲಿ ಇಡು. ಆಮೇಲೆ ಟಾರ್ಚ್ ಹಾಕಿ, ಕಡು ಕೆಂಪು ಗಾಜಿನ ಮೂಲಕ ತಕ್ಷಣ ನೋಡು. ಮೊದಲ ಕ್ಷಣ ಕೆಂಪು ಜಾಸ್ತಿ ಇದ್ದು, ನೋಡನೋಡುತ್ತಾ ಕಡಿಮೆಯಾಗಬೇಕು. 1931ರಲ್ಲಿ ಜರ್ಮನಿಯ ಹಾನ್ಸ್ ಕೌಟ್ಸ್ಕಿ ಇದನ್ನು ಬರಿಗಣ್ಣಿನಿಂದಲೇ ನೋಡಿದ್ದರು. ನಮ್ಮ ಟಾರ್ಚಿಗೆ ಅಷ್ಟು ಶಕ್ತಿ ಇದೆಯಾ ಅಂತ ನೋಡೋಣ.

ಎರಡನೇಪಿಯುಸಿ

ಕೆಂಪು ಗಾಜು ಇಲ್ಲ ಮೇಡಂ. ಅಂಗಡಿಯಲ್ಲಿ ಕೆಂಪು ಬಣ್ಣದ ಗಿಫ್ಟ್ ಪೇಪರ್ ಇದೆ, ಆರ್‌ಪಾರ್ ಕಾಣುವಂಥದ್ದು. ನಾಲ್ಕು ಪದರ ಮಾಡಿದರೆ ಆಗುತ್ತದಾ? ಸೋಮವಾರ ಲ್ಯಾಬಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಲು ನಾವು ಐದು ಜನ ಬೇಗ ಬರುತ್ತೇವೆ. ಎಲೆ ಪಾಲಕ್‌ದೇ ತರಲಾ, ಇಲ್ಲ ದಾಸವಾಳದ್ದಾ?

ಎಲೆಹಸಿರು, ಹಾಸನ

ಎರಡೂ ತನ್ನಿ. ನಾನು ಎಂಟೂವರೆಗೆ ಬೀಗ ತೆಗೆದಿರುತ್ತೇನೆ.